ಬೊಗಳದೆ ಮುಟ್ಟುವ ನಾಯಿ

ಕಿವಿ ಕೇಳದವರ ಮನೆಯಲ್ಲಿ ಬೊಗಳುವ ನಾಯಿಯಿಂದ ಏನು ಪ್ರಯೋಜನ? ಕಳ್ಳ ಹೆದರಿಯಾನು, ನೆರೆಮನೆಯವರ ನಿದ್ದೆ ಕೆಟ್ಟೀತು. ಯಾರಿಗೆ ತಿಳಿಯಬೇಕೋ ಅವರಿಗೆ ಮಾತ್ರ ಏನೂ ತಿಳಿಯದು. ಆದ್ದರಿಂದ ಕಿವುಡರ ನೆರವಿಗೆಂದು ತಯಾರಾಗುವ ನಾಯಿ ತನ್ನ ಹುಟ್ಟುಗುಣವನ್ನೇ ಪಕ್ಕಕ್ಕಿಡಬೇಕಾಗುತ್ತದೆ. ಬಾಗಿಲು ಬಡಿದ ಸದ್ದಾದರೆ ಅದು ಬೊಗಳುವುದಿಲ್ಲ. ಓಡಿಬಂದು ಮುಂಗಾಲಿನಿಂದಲೋ ಮೂಗಿನಿಂದಲೋ ಮನೆಯವರನ್ನು ಮುಟ್ಟುತ್ತದೆ. ಏನೆಂದು ಅವರು ಕೈಸನ್ನೆ ಮಾಡಿದರೆ ಸದ್ದು ಬಂದ ಕಡೆಗೆ ಕರೆದೊಯ್ಯುತ್ತದೆ. ಕುಕ್ಕರಿನ ಸೀಟಿ, ಅಲಾರಂ, ತೊಟ್ಟಿಲ ಕೂಸಿನ ಅಳು, ಒಳಕೋಣೆಯಿಂದ ಯಾರೋ ಕರೆದದ್ದು, ಎಲ್ಲಕ್ಕೂ ಇದೇ ಕ್ರಮ. ಬೆಂಕಿಯ ಎಚ್ಚರಿಕೆ ಗಂಟೆಗೆ ಮಾತ್ರ ಬೇರೆ ಪಾಠ. ಆಗ ಮುಟ್ಟಿ ಅಲ್ಲೇ ನೆಲಕ್ಕೆ ಮಲಗಿಬಿಡಬೇಕು. ಬೆಂಕಿಯಿದ್ದ ಕಡೆಗೆ ಯಾರನ್ನೂ ಕರೆದೊಯ್ಯುವಂತಿಲ್ಲವಲ್ಲ.

ಅಮೆರಿಕದ ಮಿನೆಸೋಟದಲ್ಲಿ 1970ರ ದಶಕದಲ್ಲಿ ಈ ಪ್ರಯೋಗ ಶುರುವಾಯಿತು. ಬ್ರಿಟನ್ನಿನಲ್ಲಿ 1982ರಿಂದ ಇದಕ್ಕೆಂದೇ ಒಂದು ಸಂಸ್ಥೆ ನಡೆಯುತ್ತಿದೆ. ಅಲ್ಲಿ ಈ ಕೆಲಸಕ್ಕೆ ಪೂಡಲ್, ಕಾಕರ್ ಸ್ಪ್ಯಾನಿಯಲ್, ಟೆರಿಯರ್ ಮಿಶ್ರತಳಿಯಂಥ ಚಿಕ್ಕ ನಾಯಿಗಳೂ ಬಂದವು. ಅಮೆರಿಕದಲ್ಲಿ ಎಷ್ಟೋ ನಾಯಿಗಳನ್ನು ಬಿಡಾಡಿ ನಾಯಿಗಳ ಆಶ್ರಯತಾಣದಿಂದಲೇ ಆರಿಸಿ ತಂದರು. ಸಣ್ಣ ಸಪ್ಪಳಕ್ಕೂ ಕಿವಿ ನಿಮಿರಿಸುವ, ಒಂದು ಕಡೆ ಸುಮ್ಮನೆ ಕೂರದ ನಾಯಿಯೇ ಇಲ್ಲಿ ಬೇಕು. ಸಾಕುವವರಿಗೆ ತಲೆನೋವು ಎನಿಸುವ ಆ ಚಡಪಡಿಕೆ ಇಲ್ಲಿ ಅರ್ಹತೆ.

ಈ ವಿಷಯವನ್ನು ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ನಿಂತು ಯೋಚಿಸಲು ನನಗೆ ಕಾರಣವಿದೆ. ಇದು ಕಲ್ಲಿನ ಸೀಮೆ, ಹಾಗಾಗಿ ಸದ್ದಿನ ಸೀಮೆ. ಶಹಾಬಾದಿನ ಫರ್ಸಿ ಎಷ್ಟೋ ಊರುಗಳ ಮನೆಗಳಿಗೆ ನೆಲವಾಯಿತು. ಅದೇ ಸುಣ್ಣದ ಕಲ್ಲು ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಾಯಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಮೇಲೆ ನಿಂತರೆ ಕಾಗಿಣಾ ನದಿಯ ಜೊತೆಗೆ ಕಾರ್ಖಾನೆಯ ಚಿಮಣಿಯೂ ಕಾಣುತ್ತದೆ. ಖಣಿಯ ಡ್ರಿಲ್ಲು, ಕ್ರಷರ್, ಸಿಮೆಂಟ್ ಅರೆಯುವ ಬಾಲ್ ಮಿಲ್ಲು, ಇವುಗಳ ನಡುವೆ ಎರಡು ಮೂರು ತಲೆಮಾರು ದುಡಿದಿದೆ. ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಸದ್ದು ಮೇಲ್ಮಿತಿ ಎನ್ನುತ್ತದೆ ನಮ್ಮ ಕಾರ್ಖಾನೆ ನಿಯಮ. ಬಾಲ್ ಮಿಲ್ಲಿನ ಪಕ್ಕ ನೂರು ಡೆಸಿಬೆಲ್ ಎಂಬುದು ಸಾಮಾನ್ಯ. ಸದ್ದಿನಿಂದ ಬರುವ ಕಿವುಡುತನವನ್ನು ಕಾನೂನೇ ವೃತ್ತಿರೋಗಗಳ ಪಟ್ಟಿಯಲ್ಲಿ ಸೇರಿಸಿದೆ.

ಈ ಕಿವುಡುತನ ಬರುವ ಬಗೆ ವಿಚಿತ್ರ. ನೋವಿಲ್ಲ, ರಕ್ತವಿಲ್ಲ, ಇಂಥ ದಿನ ಬಂತು ಎಂದು ಹೇಳುವಂತೆಯೂ ಇಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು, ಸುಮಾರು 4000 ಹರ್ಟ್ಸ್ ಆಸುಪಾಸಿನವು. ಗಂಡಸರ ದಪ್ಪ ದನಿ ಕೇಳುತ್ತದೆ, ಮೊಮ್ಮಗಳ ಮಾತು ತಿಳಿಯುವುದಿಲ್ಲ. ಲಾರಿ ಹೋದದ್ದು ಕೇಳುತ್ತದೆ, ಮೊಬೈಲ್ ಬಡಿದುಕೊಂಡದ್ದು ಕೇಳುವುದಿಲ್ಲ. ಸ, ಶ, ಚ, ತ ಎಂಬ ಅಕ್ಷರಗಳು ಮಾತಿನಿಂದ ಒಂದೊಂದಾಗಿ ಉದುರುತ್ತವೆ. 'ಕೇಳಸ್ತದ, ಆದ್ರ ತಿಳಿಯಂಗಿಲ್ಲ' ಎಂದು ಮುತ್ಯಾಗಳು ಹೇಳಿದರೆ ಮನೆಯವರು ನಗುತ್ತಾರೆ. ತನಗೆ ಬೇಕಾದದ್ದು ಮಾತ್ರ ಕೇಳಿಸಿಕೊಳ್ಳುತ್ತಾನೆ ಎನ್ನುತ್ತಾರೆ. ಮುತ್ಯಾ ಹೇಳುತ್ತಿರುವುದು ಮಾತ್ರ ಅಕ್ಷರಶಃ ನಿಜ.

ನಾಯಿಯ ಕಿವಿ ಅತಿ ಚುರುಕಾಗಿರುವುದು ಇಂಥ ಎತ್ತರದ ಸ್ವರಗಳಿಗೇ. ಮನುಷ್ಯನಿಗೆ 20,000 ಹರ್ಟ್ಸಿಗೆ ಮುಗಿಯುವ ಲೋಕ ಅದಕ್ಕೆ 45,000ದವರೆಗೂ ಚಾಚುತ್ತದೆ. ದೊಡ್ಡ ನಾಯಿಗೆ ಹೆಚ್ಚು, ಚಿಕ್ಕದಕ್ಕೆ ಕಡಿಮೆ ಎಂಬುದೂ ಇಲ್ಲ. 1983ರಲ್ಲಿ ಹೆನ್ರಿ ಹೆಫ್ನರ್ ಎಂಬ ವಿಜ್ಞಾನಿ ಅಂಗೈಯಗಲದ ಚಿವಾವಾದಿಂದ ಕರುವಿನಷ್ಟಿರುವ ಸೇಂಟ್ ಬರ್ನಾರ್ಡ್‌ವರೆಗೆ ನಾಯಿಗಳ ಕಿವಿಯನ್ನು ಅಳೆದು ನೋಡಿದರು. ಕಿವಿಯ ತಮಟೆಯ ಅಗಲದಲ್ಲಿ ಭಾರಿ ಅಂತರವಿದ್ದರೂ ಕೇಳುವ ಶಕ್ತಿಯಲ್ಲಿ ಗಾತ್ರಕ್ಕೆ ತಕ್ಕ ವ್ಯತ್ಯಾಸ ಕಾಣಲಿಲ್ಲ. ಮಿಲ್ಲಿನ ಸದ್ದು ಮುತ್ಯಾನಿಂದ ಯಾವುದನ್ನು ಮೊದಲು ಕಿತ್ತುಕೊಂಡಿತೋ ಅದೇ ಆ ಪುಟ್ಟ ನಾಯಿಯ ಬಳಿ ಧಾರಾಳವಾಗಿದೆ.

ಸಣ್ಣ ನಾಯಿ ಎಂದರೆ ನಮಗೆ ಮೊದಲಿನಿಂದ ಸಸಾರ. ಕರ್ನಾಟಕದ ನಾಯಿ ಎಂದರೆ ಮುಧೋಳ. ಎತ್ತರದ ಕಾಲು, ಬಾಣದಂಥ ಮೈ. 2005ರಲ್ಲಿ ಅದು ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಅದರ ಮರಿಗಳು ಸೇನೆಯ ತರಬೇತಿಗೆ ಮೀರತ್ತಿಗೆ ಹೋದವು. ಅದಕ್ಕೆ ಆ ಗೌರವ ಸಲ್ಲತಕ್ಕದ್ದೇ. ಸಣ್ಣ ನಾಯಿಯ ಪಾಲಿಗೆ ಬಂದದ್ದು ಬೇರೆ. ನಾವು ಪೊಮೇರಿಯನ್ ಎಂದು ಕರೆಯುವ ಬಿಳಿ ಸ್ಪಿಟ್ಜ್ 1990ರ ದಶಕದಲ್ಲಿ ಸಿನಿಮಾದಿಂದ ಮನೆಗೆ ಇಳಿಯಿತು, ಪಗ್ ನಾಯಿ 2003ರ ಮೊಬೈಲ್ ಜಾಹೀರಾತಿನಿಂದ ಇಳಿಯಿತು. ಎರಡನ್ನೂ ತಂದದ್ದು ಶೋಕಿಗೆ. ದೊಡ್ಡ ನಾಯಿ ಕಾವಲಿಗೆ, ಸಣ್ಣ ನಾಯಿ ಸೋಫಾಕ್ಕೆ ಎಂದು ಮನಸ್ಸಿನಲ್ಲೇ ಪಾಲು ಮಾಡಿಟ್ಟುಬಿಟ್ಟಿದ್ದೇವೆ. ಕೆಲಸ ಎಂದರೆ ಬಲ ಎಂಬ ನಂಬಿಕೆ ಈ ಪಾಲಿನ ಹಿಂದಿದೆ.

ಬಲ ಬೇಕಾದ ಕೆಲಸಗಳು ಇದ್ದೇ ಇವೆ. ಕಣ್ಣು ಕಾಣದವರನ್ನು ರಸ್ತೆ ದಾಟಿಸುವ ನಾಯಿಗೆ ಎತ್ತರ ಬೇಕು, ಹಿಡಿಕೆ ಕೈಗೆ ಸಿಗಬೇಕು. ಗಾಲಿಕುರ್ಚಿ ಎಳೆಯುವುದಕ್ಕೆ, ಎಡವಿದವರಿಗೆ ಆಸರೆಯಾಗಿ ನಿಲ್ಲುವುದಕ್ಕೆ ಪುಟ್ಟ ನಾಯಿಯನ್ನು ಹಚ್ಚಿದರೆ ಅದು ಹಿಂಸೆ. ಆದರೆ ಸದ್ದು ತಿಳಿಸಲು, ಮಧುಮೇಹಿಯ ಉಸಿರಿನಲ್ಲಿ ಸಕ್ಕರೆ ಕುಸಿದ ವಾಸನೆ ಹಿಡಿದು ಎಬ್ಬಿಸಲು ಬಲದ ಅಗತ್ಯವೇ ಇಲ್ಲ. ಅಲ್ಲಿ ಬೇಕಾದದ್ದು ಗಮನ. ತೊಡೆಯ ಮೇಲೆ ಕೂರುವಷ್ಟು ಚಿಕ್ಕದಾಗಿದ್ದರೆ ಉಸಿರಿಗೆ ಇನ್ನೂ ಹತ್ತಿರ. ಎರಡನೆಯ ಮಹಾಯುದ್ಧದಲ್ಲಿ ಸ್ಮೋಕಿ ಎಂಬ ಯಾರ್ಕ್‌ಶೈರ್ ಟೆರಿಯರ್ ಇತ್ತು. ಏಳು ಅಂಗುಲ ಎತ್ತರ, ಎರಡು ಕಿಲೋಗೂ ಕಡಿಮೆ ತೂಕ. ಫಿಲಿಪ್ಪೀನ್ಸಿನ ವಿಮಾನ ಪಟ್ಟಿಯ ಕೆಳಗಿನ ಎಂಟು ಅಂಗುಲದ ಕೊಳವೆಯಲ್ಲಿ ಎಪ್ಪತ್ತು ಅಡಿ ನುಸುಳಿ ಸಂಪರ್ಕದ ತಂತಿ ಎಳೆದುಕೊಟ್ಟಿತು. ಆ ಕೊಳವೆಯ ಮುಂದೆ ಮುಧೋಳ ನಾಯಿ ನಿಂತು ನೋಡಬೇಕಿತ್ತು ಅಷ್ಟೆ. ಅದೇ ಸ್ಮೋಕಿ ಗಾಯಾಳು ಸೈನಿಕರ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಅವರ ಮಗ್ಗುಲಲ್ಲಿ ಮಲಗುತ್ತಿತ್ತು.

ನನ್ನನ್ನು ಹೆಚ್ಚು ಕಾಡುವ ಸಂಗತಿ ಗಾತ್ರದ್ದಲ್ಲ. ದುಡಿಯುವ ನಾಯಿಗಳೆಲ್ಲ ಬಹುಮಟ್ಟಿಗೆ ಆಜ್ಞೆಗೆ ದುಡಿಯುತ್ತವೆ. ಕುರಿ ತಿರುಗಿಸು ಎಂದರೆ ತಿರುಗಿಸುತ್ತದೆ, ಹಿಡಿ ಎಂದರೆ ಹಿಡಿಯುತ್ತದೆ. ಕಿವುಡರ ನಾಯಿಗೆ ಆಜ್ಞೆ ಕೊಡುವವರು ಯಾರು? ಸದ್ದಾಗಿದೆ ಎಂಬುದೇ ಒಡೆಯನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರ ಬಗ್ಗೆ ಅಪ್ಪಣೆ ಹೇಗೆ ಕೊಟ್ಟಾನು? ನಾಯಿಯೇ ಕೇಳಬೇಕು, ಇದು ಇವರಿಗೆ ಬೇಕಾದ ಸದ್ದೋ ಬೇಡದ್ದೋ ತೀರ್ಮಾನಿಸಬೇಕು, ತಾನಾಗಿ ಎದ್ದು ಬರಬೇಕು. ಆಮೇಲಿನ ಹೆಜ್ಜೆ ಮನುಷ್ಯನದು. ಅವನು ನಂಬಬೇಕು. ತನಗೆ ಏನೂ ಕೇಳಿಸದ ಮನೆಯಲ್ಲಿ, ಮೊಣಕಾಲೆತ್ತರದ ಒಂದು ಪ್ರಾಣಿ ಬಂದು ಮುಟ್ಟಿತೆಂದು ಎದ್ದು ಅದರ ಹಿಂದೆ ಹೋಗಬೇಕು. ಒಡೆಯ ಹಿಂದೆ, ನಾಯಿ ಮುಂದೆ. ಯಾರು ಯಾರನ್ನು ಸಾಕುತ್ತಿದ್ದಾರೆ ಎಂಬುದು ಆ ಹತ್ತು ಹೆಜ್ಜೆಗಳಲ್ಲಿ ತಲೆಕೆಳಗಾಗುತ್ತದೆ.

ನಾಯಿಯ ಸೇವೆ ಎಂದರೆ ನಮ್ಮ ಭಾಗದಲ್ಲಿ ಕಣ್ಣೆದುರು ಬರುವ ಚಿತ್ರ ವಗ್ಗಯ್ಯನದು. ವಾಡಿಯಿಂದ ರೈಲು ಹತ್ತಿದರೆ ಬೇಗನೆ ಸಿಗುವ ಯಾದಗಿರಿ, ಅಲ್ಲಿಂದ ಮೈಲಾಪುರ. ಮೈಲಾರಲಿಂಗನ ಆ ಗುಡ್ಡದಲ್ಲಿ ಸಂಕ್ರಾಂತಿಗೆ ಜಾತ್ರೆ. ಮೈಲಾರನ ಒಕ್ಕಲಿನ ವಗ್ಗಯ್ಯಗಳು ದೇವರ ನಾಯಿಗಳಾಗಿ ಬೊಗಳುತ್ತಾರೆ, ದೋಣಿಯೆಂಬ ಪಾತ್ರೆಗೆ ಬಾಯಿಟ್ಟು ಹಾಲು ಕುಡಿಯುತ್ತಾರೆ. ಮನುಷ್ಯ ತನ್ನ ಹಮ್ಮು ಕಳಚಿಡಲು ನಾಯಿಯ ವೇಷ ತೊಡುತ್ತಾನೆ. ದೊಡ್ಡ ಕಲ್ಪನೆ, ಒಪ್ಪುತ್ತೇನೆ. ಆದರೆ ಅದರಲ್ಲಿ ನಾಯಿ ಎಂದರೆ ತಗ್ಗಿದ್ದು, ಒಡೆಯನ ಕಾಲ ಬಳಿಯದು. ದುಡಿಯುವ ನಾಯಿಯ ಕಥೆ ಬೇರೆ. ಕುರುಡರನ್ನು ನಡೆಸುವ ನಾಯಿಗೆ ಕಲಿಸುವ ಪಾಠಗಳಲ್ಲಿ ಬಹಳ ಕಠಿಣವಾದದ್ದು ಯಾವುದು ಗೊತ್ತೇ? ಅವಿಧೇಯತೆ. ಒಡೆಯ ಮುಂದೆ ನಡೆ ಎಂದರೂ ಎದುರು ಲಾರಿ ಬರುತ್ತಿದ್ದರೆ, ತಗ್ಗು ಇದ್ದರೆ, ನಾಯಿ ಕದಲಬಾರದು. ಮಾತು ಮೀರಿಯೂ ಸೇವೆಯಾಗಬಹುದು, ಮಾತೇ ಇಲ್ಲದೆಯೂ ಆಗಬಹುದು. ಶರಣರ ನಾಡಿನಲ್ಲಿ ಕಾಯಕದ ಬಗ್ಗೆ ಇಷ್ಟು ಮಾತಾಡುವ ನಾವು, ಹೇಳಿಸಿಕೊಳ್ಳದೆ ಮಾಡಿದ ಕೆಲಸಕ್ಕೆ ಎಷ್ಟು ಬೆಲೆ ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬಹುದು. ಮನೆಯ ಹೆಂಗಸರು ಇದಕ್ಕೆ ಬೇಗ ಉತ್ತರ ಹೇಳಿಯಾರು.

ಇನ್ನು ಮುಟ್ಟುವ ಮಾತು. ಕಿವುಡರ ನಾಯಿಯ ಭಾಷೆಯೇ ಮುಟ್ಟುವುದು. ನಮ್ಮ ಸಮಾಜಕ್ಕೆ ಯಾವಾಗಲೂ ತೊಡಕಾದದ್ದು ಅದೇ. ಮನುಷ್ಯರನ್ನೇ ಮುಟ್ಟಿಸಿಕೊಳ್ಳದೆ ಶತಮಾನ ಕಳೆದವರು ನಾವು. ನಾಯಿ ಅಡುಗೆಮನೆಗೆ ಬಂದರೆ ನೆಲ ತೊಳೆಯುವ ಮನೆಗಳು ಇಂದಿಗೂ ಉಂಟು. ಮುಸ್ಲಿಂ ಮನೆಗಳಲ್ಲಿ ನಾಯಿಯ ಜೊಲ್ಲು ತಾಗಿದರೆ ಶುದ್ಧಿಯ ಪ್ರಶ್ನೆ ಬರುತ್ತದೆ. ಇವನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ಮುಂದೆ ಹೋಗುವುದು ಸುಲಭ, ಪ್ರಯೋಜನವಿಲ್ಲ. ಆಯಾ ಮನೆಯೊಳಗಿನಿಂದಲೇ ದಾರಿ ಇದೆಯೇ ನೋಡಬೇಕು. ಇದೇ ಜಿಲ್ಲೆಯ ದೇವಲ ಗಾಣಗಾಪುರದವರು ಪೂಜಿಸುವ ದತ್ತಾತ್ರೇಯನ ಕಾಲ ಬಳಿ ಚಿತ್ರಪಟಗಳಲ್ಲಿ ನಾಲ್ಕು ನಾಯಿಗಳಿರುತ್ತವೆ, ಅವನ್ನು ನಾಲ್ಕು ವೇದ ಎನ್ನುತ್ತಾರೆ. ಮಧ್ಯಾಹ್ನದ ಭಿಕ್ಷೆಗೆ ದತ್ತ ಯಾವ ರೂಪದಲ್ಲಾದರೂ ಬಂದಾನು ಎಂದು ನಂಬಿದ ಊರು ಅದು. ಅಲ್ಲಿ ನಾಯಿಯನ್ನು ಹಚ್ಯಾ ಎನ್ನಲು ನಾಲಿಗೆ ತಡೆಯುತ್ತದೆ. ಕುರ್‌ಆನಿನಲ್ಲಿ ಗುಹೆಯ ಯುವಕರ ಕಥೆಯಿದೆ, ಆ ಗುಹೆಯ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯೂ ಇದೆ. ತರಬೇತಿ ಕೊಟ್ಟ ಪ್ರಾಣಿ ಹಿಡಿದು ತಂದ ಬೇಟೆ ಉಣ್ಣಲು ಯೋಗ್ಯ ಎಂಬ ಅನುಮತಿಯೂ ಅಲ್ಲೇ ಇದೆ. ಕಲಿತ ನಾಯಿ ಬೀದಿಯ ನಾಯಿಗಿಂತ ಬೇರೆ ಎಂಬ ವಿವೇಕ ಹೊಸದೇನಲ್ಲ.

ಈಗ ಅಪನಂಬಿಕೆಯ ಕಡೆಗೆ ಬರುತ್ತೇನೆ, ಏಕೆಂದರೆ ಸಣ್ಣ ನಾಯಿಯನ್ನೂ ಕೆಲವು ಅಂಗವೈಕಲ್ಯಗಳನ್ನೂ ಒಟ್ಟಿಗೆ ಕಟ್ಟಿಹಾಕಿರುವುದು ಅದು. ಕಾಲಿಲ್ಲದವರಿಗೆ ಬಸ್ಸಿನಲ್ಲಿ ಜಾಗ ಬಿಡುತ್ತೇವೆ. ಕಿವಿ ಕೇಳದವರನ್ನು, ಫಿಟ್ಸ್ ಬರುವವರನ್ನು, ಸಕ್ಕರೆ ಕುಸಿದು ಕಣ್ಣು ಕತ್ತಲೆ ಬರುವವರನ್ನು ಮೇಲಿಂದ ಕೆಳಗೆ ನೋಡಿ 'ಛಲೋ ಇದ್ದೀರಲ್ಲ' ಎನ್ನುತ್ತೇವೆ. ಅವರ ಮಡಿಲಲ್ಲಿ ಒಂದು ಪುಟ್ಟ ನಾಯಿ ಇದ್ದರಂತೂ ಶೋಕಿ ಎಂದು ಅಲ್ಲೇ ತೀರ್ಪು. ಕಾಣದ ಕೊರತೆಗೆ ಕಾಣದ ಕೆಲಸ ಮಾಡುವ ನಾಯಿ. ಇಬ್ಬರಿಗೂ ಸಾಕ್ಷಿ ಇಲ್ಲ.

ಅಮೆರಿಕದ ನಿಯಮ ಇದನ್ನು ಒಂದು ಮಟ್ಟಿಗೆ ಬಗೆಹರಿಸಿದ ರೀತಿ ನನಗೆ ಹಿಡಿಸಿತು. ಅಲ್ಲಿ ಹೋಟೆಲಿನವರಾಗಲಿ ಅಂಗಡಿಯವರಾಗಲಿ ಕೇಳಬಹುದಾದ್ದು ಎರಡೇ ಪ್ರಶ್ನೆ: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ? ಇದು ಯಾವ ಕೆಲಸ ಕಲಿತಿದೆ? ತಳಿ ಕೇಳುವಂತಿಲ್ಲ, ಎತ್ತರ ಅಳೆಯುವಂತಿಲ್ಲ, ಕಾಗದ ತೋರಿಸು ಎನ್ನುವಂತಿಲ್ಲ. ಯಜಮಾನರೇ ಮನೆಯಲ್ಲಿ ಕಲಿಸಿದ ನಾಯಿಗೂ ಅದೇ ಹಕ್ಕು. ಬರಿ ಜೊತೆಗಿದ್ದು ಸಮಾಧಾನ ಕೊಡುವ ನಾಯಿಗೆ ಆ ಹಕ್ಕಿಲ್ಲ. ಒಂದು ನಿರ್ದಿಷ್ಟ ಕೆಲಸ ಬರಲೇಬೇಕು. ಸುಳ್ಳು ಹೇಳಿ ಸಾಕುನಾಯಿಯನ್ನು ಒಳಗೆ ನುಗ್ಗಿಸುವವರು ಅಲ್ಲೂ ಇದ್ದಾರೆ, ಅದರ ಏಟು ಬೀಳುವುದು ನಿಜವಾಗಿ ಬೇಕಾದವರ ಮೇಲೆ. ಆದರೂ ಪ್ರಶ್ನೆ ಸರಿಯಾದದ್ದು. ನೀನು ಯಾವ ಜಾತಿ, ಎಷ್ಟು ಎತ್ತರ ಎನ್ನದೆ, ಏನು ಮಾಡಬಲ್ಲೆ ಎಂದು ಕೇಳುವ ಕಾನೂನು ನಾಯಿಗಳಿಗಾದರೂ ಸಿಕ್ಕಿತಲ್ಲ.

ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 1995ರ ಏಳು ಬಗೆಯ ವೈಕಲ್ಯಗಳನ್ನು 21ಕ್ಕೆ ಏರಿಸಿತು. ಥಲಸ್ಸೀಮಿಯ, ಪಾರ್ಕಿನ್ಸನ್‌ನಂಥವು ಒಳಗೆ ಬಂದವು. ದೊಡ್ಡ ಹೆಜ್ಜೆ ಅದು. ಆದರೆ ನೆರವಿನ ನಾಯಿ ಎಂದರೆ ಏನು ಎಂಬ ವ್ಯಾಖ್ಯಾನ ಅದರಲ್ಲಿಲ್ಲ. ಮಾತಿನ ಸ್ವರಗಳಲ್ಲಿ 60 ಡೆಸಿಬೆಲ್ ಕಳೆದುಕೊಂಡವರಿಂದ ಕಾಯ್ದೆಯ ಶ್ರವಣದೋಷದ ಲೆಕ್ಕ ಶುರುವಾಗುತ್ತದೆ. ಕ್ರಷರಿನ ಬಳಿ ಎತ್ತರದ ಸ್ವರಗಳನ್ನಷ್ಟೇ ಕಳೆದುಕೊಂಡವರು ಎಷ್ಟೋ ವರ್ಷ ಈ ಗೆರೆಯ ಹೊರಗೇ ಉಳಿಯಬಹುದು. 2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ವಿಕಲಚೇತನರ ಪೈಕಿ ಸುಮಾರು 50 ಲಕ್ಷ ಮಂದಿ ಶ್ರವಣದೋಷದವರು. ಗೆರೆಯ ಹೊರಗಿನವರು ಎಷ್ಟು ಮಂದಿಯೋ ನನಗೆ ಗೊತ್ತಿಲ್ಲ.

ಇಲ್ಲೊಂದು ತಕರಾರು ಏಳುತ್ತದೆ, ಅದನ್ನು ನಾನೇ ಎತ್ತುತ್ತೇನೆ. ನಾಯಿ ಯಾಕೆ, ಮನೆಯಲ್ಲಿ ಮಕ್ಕಳಿಲ್ಲವೇ? 'ಮುತ್ಯಾ, ಯಾರೋ ಬಂದಾರ ನೋಡು' ಎಂದು ತೋಳು ಜಗ್ಗುವ ಮೊಮ್ಮಗ ಇದ್ದರೆ ಯಾವ ಟೆರಿಯರೂ ಬೇಕಿಲ್ಲ ಎಂಬುದು ನಿಜ. ಆದರೆ ಚಿಂಚೋಳಿಯ ತಾಂಡಾಗಳಿಂದ, ಸೇಡಂ, ಚಿತ್ತಾಪುರದ ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರು ಮಕ್ಕಳನ್ನೂ ಕರೆದುಕೊಂಡು ಹೋಗಿದ್ದಾರೆ. 1874ರಲ್ಲಿ ನಿಜಾಮರ ರೈಲು ವಾಡಿಯನ್ನು ಸಿಕಂದರಾಬಾದಿಗೆ ಜೋಡಿಸಿದಾಗಿನಿಂದ ಈ ಸೀಮೆಯ ಜನ ಹೋಗುತ್ತಲೇ ಇದ್ದಾರೆ. ಉಳಿದವರು ಮುದುಕರು ಮತ್ತು ಅಂಗಳದ ನಾಯಿ. ಇನ್ನೊಂದು ಮಾತೂ ಇದೆ. ಮೊಮ್ಮಗನೇ ಇದ್ದರೂ ಪ್ರತಿ ಸದ್ದಿಗೂ ಇನ್ನೊಬ್ಬರ ಮುಖ ನೋಡುವುದು ಮಾನಸ್ಥರಿಗೆ ಕಷ್ಟ. ಎರಡು ಸಲ ಹೇಳಿದ ಮೇಲೆ ಮನುಷ್ಯರ ದನಿ ಗಡುಸಾಗುತ್ತದೆ. ನಾಯಿಗೆ ಹತ್ತನೆಯ ಸಲವೂ ಮೊದಲನೆಯ ಸಲದಷ್ಟೇ ಹುರುಪು. ಕಿವಿಯ ಯಂತ್ರ ರಾತ್ರಿ ಡಬ್ಬಿಯಲ್ಲಿ ಮಲಗುತ್ತದೆ, ನಾಯಿ ಹಾಸಿಗೆಯ ಬುಡದಲ್ಲಿ ಎಚ್ಚರವಿರುತ್ತದೆ.

ನಾಯಿಯ ಒಪ್ಪಿಗೆ ಕೇಳಿದವರು ಯಾರು ಎಂಬುದು ಇದಕ್ಕಿಂತ ಗಟ್ಟಿ ತಕರಾರು. ನಾವು ಎತ್ತಿನ ಒಪ್ಪಿಗೆಯನ್ನೂ ಕೇಳಿದವರಲ್ಲ. ಆದರೆ ಹೊಡೆದು ಕಲಿಸಿದ ನಾಯಿ ಈ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಹೆದರಿದ ನಾಯಿ ಮೂಲೆ ಹಿಡಿಯುತ್ತದೆ, ತಾನಾಗಿ ಎದ್ದು ಬರುವುದಿಲ್ಲ. ತಾನಾಗಿ ಬರುವುದೇ ಇಲ್ಲಿನ ಕೆಲಸವಾದ್ದರಿಂದ, ಖುಷಿಯಿಂದ ಬರುವ ನಾಯಿಯಷ್ಟೇ ಉಳಿಯುತ್ತದೆ. ಇದು ಪೂರ್ತಿ ಒಪ್ಪಿಗೆಯಲ್ಲ, ಆದರೆ ಒಪ್ಪಿಗೆಗೆ ತೀರ ದೂರವೂ ಅಲ್ಲ ಎಂದು ನನ್ನ ಎಣಿಕೆ. ದಣಿದಾಗ ಮಲಗಲು, ಮುದಿಯಾದಾಗ ಕೆಲಸ ಬಿಟ್ಟು ಅದೇ ಮನೆಯಲ್ಲಿ ಇರಲು ಅದಕ್ಕೆ ಹಕ್ಕಿರಬೇಕು.

ನಮ್ಮ ಸೀಮೆಗೆ ಯಾವ ನಾಯಿ? ಪಗ್ ಬೇಡ. ಮೊಂಡು ಮೂಗಿನ ಆ ಪ್ರಾಣಿ ತಂಪಿನಲ್ಲೇ ಉಸಿರಿಗೆ ಒದ್ದಾಡುತ್ತದೆ. 42 ಡಿಗ್ರಿಯ ಮೇ ತಿಂಗಳಲ್ಲಿ ಕಾದ ಫರ್ಸಿಯ ಅಂಗಳದ ಮೇಲೆ ಅದನ್ನು ನಡೆಸುವುದು ಪಾಪ. ಪೊಮೇರಿಯನ್ನಿಗೆ ಎಚ್ಚರ ಜಾಸ್ತಿ, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಆ ದಟ್ಟ ಕೂದಲಿಗೆ ಬೇಸಿಗೆಯಲ್ಲಿ ನೆರಳು, ನೀರು ತಪ್ಪಬಾರದು. ನನ್ನ ಮತ ಓಣಿಯಲ್ಲೇ ಹುಟ್ಟಿದ ಸಣ್ಣ ಮೈಯ ಮಿಶ್ರತಳಿಗೆ. ಬಿಸಿಲು ಅದರ ರಕ್ತದಲ್ಲಿದೆ, ರೊಟ್ಟಿ ಹಾಲು ಉಂಡು ಬಾಳುತ್ತದೆ, ದುಡ್ಡು ಕೊಟ್ಟು ತರಬೇಕಿಲ್ಲ. ಬೀದಿ ನಾಯಿಗಳ ಹಿಂಡಿನ ನಡುವೆ ಚಿಕ್ಕ ನಾಯಿಯನ್ನು ಕರೆದೊಯ್ಯುವುದು ಅಪಾಯ ನಿಜ. ಆದರೆ ಸದ್ದು ತಿಳಿಸುವ ಕೆಲಸ ಬಹುಪಾಲು ಮನೆಯೊಳಗಿನದು.

ಓದುವವರಲ್ಲಿ ಕೇಳಿಕೊಳ್ಳುವುದು ಇಷ್ಟು. ಖಣಿಯಲ್ಲಿ, ಕ್ರಷರಿನಲ್ಲಿ, ಮಿಲ್ಲಿನಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಅವರ ಕಿವಿ ಪರೀಕ್ಷೆ ಮಾಡಿಸಿ. ಪ್ರಮಾಣಪತ್ರ, ಕಿವಿಯ ಯಂತ್ರಗಳ ವಿಚಾರಕ್ಕೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಅದೇ ಮನೆಯಲ್ಲಿ ಚಟುವಟಿಕೆಯ ಸಣ್ಣ ನಾಯಿಯೂ ಇದ್ದರೆ ಒಂದೇ ಒಂದು ಸದ್ದಿನಿಂದ ಶುರು ಮಾಡಿ. ಒಬ್ಬರು ಹೊರಗಿಂದ ಬಾಗಿಲು ಬಡಿಯಲಿ, ಒಳಗಿನವರ ಅಂಗೈಯಲ್ಲಿ ತಿನಿಸಿರಲಿ. ನಾಯಿ ಬಂದು ಮುಟ್ಟಿದಾಗ ಮಾತ್ರ ತಿನಿಸು ಕೊಡಿ, ಬೊಗಳಿದರೆ ಬೇಡ. ಆಮೇಲೆ ಬಾಗಿಲ ತನಕ ಜೊತೆಗೆ ಹೋಗಿ. ದಿನಕ್ಕೆ ಸ್ವಲ್ಪ ಹೊತ್ತು ಸಾಕು, ಆದರೆ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಒಂದು ಸದ್ದು ಪಕ್ಕಾ ಆಗುವವರೆಗೆ ಎರಡನೆಯದಕ್ಕೆ ಹೋಗಬೇಡಿ. ಮತ್ತು ನಾಯಿಗೆ ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸುವುದನ್ನು ತಪ್ಪಿಸಬೇಡಿ.